ರಾಣಿ ಏನು ಉಣ್ಣುತ್ತಿದ್ದಳು?

ಗದಗಿನ ಕಡೆಯ ಹತ್ತಿ ವ್ಯಾಪಾರಿಯೊಬ್ಬರು ಬೇರೆ ಏನೋ ಮಾತಾಡುತ್ತಿದ್ದವರು ನಡುವೆ, ಆ ನಾಟಕದ ಮುದುಕಿ ಹೋದಳಲ್ರಿ, ನಿಮ್ಮ ಸೀಮಿಯಾಕಿ ಅಂತ, ಅಂದರು. ನಾನು ಚಹಾದ ಬಟ್ಟಲು ಕೆಳಗಿಟ್ಟೆ. ಸತ್ತದ್ದು ಕೇಳಿ ಬೆಚ್ಚಿದೆ ಅಂದರೆ ಸುಳ್ಳಾದೀತು. ಆಕೆಗೆ ವಯಸ್ಸಾಗಿತ್ತು, ಹೋಗುವ ಕಾಲಕ್ಕೆ ಹೋದಳು. ಆದರೆ ಆಕೆಯ ನೆನಪಾದಾಗೆಲ್ಲ ನನಗೆ ಮೊದಲು ಆಗುವುದು ದುಃಖವಲ್ಲ, ಗಾಬರಿ. ಕತ್ತಲಲ್ಲಿ ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟ ಹಾಗೆ ಎದೆ ಧಸಕ್ಕೆನ್ನುತ್ತದೆ. ಇಷ್ಟು ವರ್ಷವಾದರೂ ಅದು ಕಡಿಮೆಯಾಗಿಲ್ಲ.

ಆಕೆಯ ಹೆಸರು ಬರೆಯುವುದಿಲ್ಲ. ತವರಿನವರು ಇಟ್ಟ ಹೆಸರು ಹಿಡಿದು ಕರೆಯುವವರು ಊರಲ್ಲಿ ಯಾರೂ ಉಳಿದಿಲ್ಲ. ಕಂಪನಿಯವರು ಇಟ್ಟ ಹೆಸರು ಹಿಡಿದು ನಾನು ಒಂದು ದಿನವೂ ಕರೆದಿಲ್ಲ. ನನಗೆ ಆಕೆ ಸಣ್ಣವ್ವ. ರಕ್ತಸಂಬಂಧವೇನಲ್ಲ, ನಮ್ಮವ್ವನಿಗೆ ಅಕ್ಕ ಅನ್ನುತ್ತಿದ್ದಳು, ಅದಕ್ಕೇ ಸಣ್ಣವ್ವ.

ಕೋಸಗಿ ಸ್ಟೇಷನ್ನಿನಲ್ಲಿ ಇಳಿದು ಕೌತಾಳಂ ಕಡೆಗೆ ನಡೆದರೆ ಸಿಗುವ ಊರು ನಮ್ಮದು. ನಮ್ಮದು ಕುರಿ ಕಾಯುವ ಮನೆತನ. ಆ ಮನೆತನದಲ್ಲಿ ಅಕ್ಷರ ಕಲಿತ ಮೊದಲಿಗ ನಾನು; ಬಿ.ಎ. ಪಾಸಾದ ಮೊದಲಿಗನೂ ನಾನೇ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಅನಂತಪುರದಲ್ಲಿ ಕಂಡವರ ಕೊಟ್ಟಿಗೆಯಲ್ಲಿ ಮಲಗಿ, ಕಂಡವರ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಓದಿದವನು ಅದನ್ನು ಹೇಳದೆ ಇನ್ನೇನು ಹೇಳಬೇಕು? ಊರಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವುದು ಬಿಟ್ಟು 'ಬಿಯೇ' ಅಂತಲೇ ಕರೆಯುತ್ತಿದ್ದರು. ಸಣ್ಣವ್ವ ಮಾತ್ರ ಕೊನೆಯ ತನಕ 'ತಮ್ಮಾ' ಅಂದಳು.

ನಮ್ಮ ಸೀಮೆಯಲ್ಲಿ ಸಾವಾದರೆ ಹೆಂಗಸರು ಬರೇ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವರು ಉಂಡದ್ದು, ಉಟ್ಟದ್ದು, ಜಗಳಾಡಿದ್ದು, ಕೊಟ್ಟದ್ದು ಎಲ್ಲವನ್ನೂ ರಾಗ ಎತ್ತಿ ಒಂದೊಂದಾಗಿ ಹೇಳಿಕೊಂಡು ಅಳುವುದು. ಅದು ಎಲ್ಲರಿಗೂ ಅಷ್ಟಿಷ್ಟು ಬರುತ್ತದೆ. ಸಣ್ಣವ್ವನಿಗೆ ಬಂದ ಹಾಗೆ ಯಾರಿಗೂ ಬರುತ್ತಿರಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ದೊಡ್ಡವರು ಸತ್ತರೆ ಗಾಡಿ ಕಟ್ಟಿ ಆಕೆಯನ್ನು ಕರೆಸುತ್ತಿದ್ದರು.

ಹೋದ ಕೂಡಲೇ ಹೆಣದ ಮುಂದೆ ಕೂರುತ್ತಿರಲಿಲ್ಲ. ಮೊದಲು ಹಿತ್ತಲಿಗೆ ಹೋಗಿ, ಆ ಮನೆಯ ಸೊಸೆಯನ್ನೋ ಆಳನ್ನೋ ಹಿಡಿದು ವಿಚಾರಿಸುತ್ತಿದ್ದಳು. ಏನು ಉಣ್ಣುತ್ತಿದ್ದರು, ಯಾವ ಮಗನ ಮೇಲೆ ಜೀವ, ಯಾರ ಮೇಲೆ ಸಿಟ್ಟು, ಕೊನೆಗೆ ಕೇಳಿದ್ದು ನೀರೋ ಮಜ್ಜಿಗೆಯೋ. ಎಲ್ಲ ತಿಳಿದ ಮೇಲೆ ಬಾಯೊಳಗಿನ ಎಲೆಯಡಿಕೆ ಉಗುಳಿ, ಒಂದು ಗುಟುಕು ನೀರು ಕುಡಿದು, ಸೆರಗು ಬಿಗಿದು ಒಳಗೆ ಬರುವಳು. ಆಮೇಲೆ ಆ ಮನೆಯಲ್ಲಿ ಕಣ್ಣು ಒಣಗಿದವರು ಇರುತ್ತಿರಲಿಲ್ಲ.

ಸತ್ತವರ ಬಗ್ಗೆ ಇಲ್ಲದ್ದು ಹೇಳುತ್ತಿರಲಿಲ್ಲ. ಒಬ್ಬ ಸಾಹುಕಾರ ಸತ್ತಾಗ, ಭಾರಿ ಜಿಪುಣ, ಏನು ಅಳುತ್ತಾಳೋ ನೋಡೋಣ ಅಂತ ಊರೆಲ್ಲ ಕಿವಿ ಕೊಟ್ಟು ನಿಂತಿತ್ತು. ಒಂದು ಹಿಡಿ ಉಪ್ಪು ಕೊಡಲಾರದಾಂವ, ಮನಿತುಂಬ ಉಪ್ಪು ಬಿಟ್ಟು ಸಪ್ಪಗ ಹ್ಯಾಂಗ ಹೊಂಟ್ಯೋ ಯಪ್ಪಾ, ಅಂತ ಎತ್ತಿದಳು. ಗಂಡಸರು ರುಮಾಲಿನ ಚುಂಗು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿದರು. ಸಾಹುಕಾರನ ಹೆಂಡತಿ ಮಾತ್ರ ಆ ಮಾತಿಗೇ ಬೋರಾಡಿ ಅತ್ತಳು. ಅಷ್ಟು ದಿನ ಆಕೆಯ ಬಾಯಿ ಕಟ್ಟಿಹಾಕಿದ್ದು ಆ ಉಪ್ಪೇ ಇರಬೇಕು.

ಮದುವೆಯಾದ ಸ್ವಲ್ಪ ದಿನಕ್ಕೇ ಸಣ್ಣವ್ವನ ಗಂಡ ಪ್ಲೇಗಿನಲ್ಲಿ ಹೋಗಿದ್ದ. ಆಕೆ ಅಣ್ಣನ ಮನೆಗೆ ವಾಪಸು ಬಂದಿದ್ದಳು. ಊರಿಗೆಲ್ಲ ಅಳುವಾಕೆ ತನ್ನ ಗಂಡನಿಗೆ ಹಾಡ್ಯಾಡಿ ಅಳಲಿಲ್ಲ ಅನ್ನುವ ಮಾತು ಊರಲ್ಲಿತ್ತು. ನಾನು ಒಮ್ಮೆ ಕೇಳಿಯೂ ಬಿಟ್ಟೆ. ಸಣ್ಣವ್ವ ಜೋಳ ಹಸನು ಮಾಡುತ್ತಿದ್ದಳು, ಮೊರ ನಿಲ್ಲಿಸಲಿಲ್ಲ. "ಅವನ ಬಗ್ಗೆ ನನಗ ಏನು ಗೊತ್ತಿತ್ತು ತಮ್ಮಾ, ಅಳಾಕ?" ಅಂದಳು.

ನಮ್ಮವ್ವ ಸತ್ತದ್ದು ನಾನು ಬಿ.ಎ. ಪರೀಕ್ಷೆ ಬರೆದು ಊರಿಗೆ ಬಂದಿದ್ದ ಬೇಸಿಗೆಯಲ್ಲಿ. ಬೆಳಿಗ್ಗೆ ಎದ್ದು ಕೆಲಸ ಮಾಡುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳು, ಮತ್ತೆ ಏಳಲಿಲ್ಲ. ಅಪ್ಪ ಕುರಿ ಹೊಡೆದುಕೊಂಡು ಮಂತ್ರಾಲಯದ ಆಚೆ ಹೊಳೆದಂಡೆಗೆ ಹೋಗಿದ್ದ. ಬೇಸಿಗೆಯ ಬಿಸಿಲು, ಹೆಣ ಇಟ್ಟುಕೊಂಡು ಕಾಯುವ ಹಾಗಿರಲಿಲ್ಲ. ಸುದ್ದಿ ಮುಟ್ಟಿ ಅಪ್ಪ ಬರುವುದರೊಳಗೆ ಮಣ್ಣು ಮಾಡಿಯಾಗಿತ್ತು. ಬಂದವನು, ಯಾವಾಗ, ಅಂತ ಮಾತ್ರ ಕೇಳಿ ಗೋಡೆಗೆ ಆನಿಕೊಂಡ. ಇನ್ನೊಂದು ಮಾತು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಅವ್ವ ಸತ್ತ ದಿನ ಸಣ್ಣವ್ವ ಹಿತ್ತಲಿಗೆ ಹೋಗಿ ಯಾರನ್ನೂ ವಿಚಾರಿಸಲಿಲ್ಲ. ಎಲ್ಲ ಗೊತ್ತಿದ್ದ ಮನೆ. ನೇರ ಬಂದು ಕೂತು ಎತ್ತಿದಳು. ನಾನು ಕಂಬಕ್ಕೆ ಒರಗಿ ಕೇಳುತ್ತಾ ನಿಂತೆ. ನನಗೆ ಒಂದು ಹನಿ ಕಣ್ಣೀರು ಬರಲಿಲ್ಲ. ಓದಿದ ಮಗ ಕಲ್ಲಾಗ್ಯಾನ ಅಂತ ಹೆಂಗಸರು ಅಂದದ್ದು ಕಿವಿಗೆ ಬಿತ್ತು.

ಆ ವರ್ಷವೇ ನನಗೆ ಆದವಾನಿಯ ಹೈಸ್ಕೂಲಿನಲ್ಲಿ ಮಾಸ್ತರಿಕೆ ಸಿಕ್ಕಿತು. ಕೋಟೆಯ ಕೆಳಗೆ ಒಂದು ಕೋಣೆ ಹಿಡಿದಿದ್ದೆ. ಹತ್ತಿ ಬಂದ ಕಾಲಕ್ಕೆ ನಮ್ಮ ಕಡೆಯ ಹೆಂಗಸರು ಜಿನ್ನಿನಲ್ಲಿ, ಅಂದರೆ ಹತ್ತಿಯ ಬೀಜ ಬಿಡಿಸುವ ಕಾರ್ಖಾನೆಯಲ್ಲಿ, ಹತ್ತಿ ಆರಿಸಲು ಬರುತ್ತಾರೆ. ಸಣ್ಣವ್ವನೂ ಬಂದಳು. ಅತ್ತಿಗೆಯ ಕೈಯ ಅನ್ನ ಉಣ್ಣುವುದಕ್ಕಿಂತ ಜಿನ್ನಿನ ಧೂಳು ತಿನ್ನುವುದು ವಾಸಿ ಅಂದಳು.

ಒಂದು ಸಂಜೆ ನನ್ನ ಕೋಣೆಯ ಮುಂದೆ ಜರಿ ರುಮಾಲಿನ ಮನುಷ್ಯನೊಬ್ಬ ಬಂದು ನಿಂತ. ಹತ್ತಿ ಮಾರ್ಕೆಟ್ಟಿನ ಬಯಲಿನಲ್ಲಿ ತಗಡಿನ ಥಿಯೇಟರು ಹಾಕಿದ್ದ ನಾಟಕ ಕಂಪನಿಯ ಮ್ಯಾನೇಜರು.

"ಮಾಸ್ತರ, ಜಿನ್ನಿನ ಓಣ್ಯಾಗ ಯಾರೋ ಸತ್ತಿದ್ರು. ಒಬ್ಬಾಕಿ ಅಳಾಕ ಹತ್ತಿದ್ಲು. ನಾನು ಯಾವುದೋ ಕಂಪನಿ ನನಗಿಂತ ಮೊದಲ ಬಂದು ತಾಲೀಮು ಸುರು ಮಾಡೇತಿ ಅಂತ ತಿಳದು ಬೆವತು ಹೋದೆ," ಅಂದ. ಆಕೆಯನ್ನು ಕಂಪನಿಗೆ ಕರೆದನಂತೆ. ಆಕೆ, ನನಗ ಓದಾಕ ಬರಂಗಿಲ್ಲ, ನಮ್ಮೂರ ಹುಡುಗ ಇಲ್ಲೇ ಮಾಸ್ತರ ಅದಾನ, ಮಾತು ಅವ ಹೇಳಿಕೊಟ್ಟರ ಬರತೀನಿ ಅಂದಳಂತೆ.

ಆಗಿನ ಕಂಪನಿಗಳಲ್ಲಿ ಹೆಣ್ಣು ಪಾರ್ಟನ್ನು ಗಂಡಸರೇ ಮಾಡುತ್ತಿದ್ದರು. ಅಲ್ಲೊಬ್ಬ ಇಲ್ಲೊಬ್ಬ ಹೆಂಗಸು ಬರತೊಡಗಿದ್ದಳು. ಹಾಗೆ ಬಂದವರ ಬಗ್ಗೆ ಜನ ಆಡುತ್ತಿದ್ದ ಮಾತು ಬರೆಯುವಂಥದ್ದಲ್ಲ. ನಮ್ಮ ಓಣಿಯ ಹೆಣ್ಣುಮಗಳು, ನಮ್ಮವ್ವನನ್ನು ಅಕ್ಕ ಅಂದವಳು, ಬಣ್ಣ ಬಳಿದುಕೊಂಡು ನಿಲ್ಲುತ್ತಾಳೆಯೇ? ಮ್ಯಾನೇಜರನನ್ನು ಅಲ್ಲೇ ಬಿಟ್ಟು ಜಿನ್ನಿಗೆ ಹೋದೆ. ಸಣ್ಣವ್ವ ತಲೆಯ ತುಂಬ ಹತ್ತಿಯ ಎಳೆ ಅಂಟಿಸಿಕೊಂಡು ಕಾಯಿ ಆರಿಸುತ್ತಿದ್ದಳು.

"ನಾಟಕಕ್ಕ ಹೋಗತೀಯಂತ, ಖರೇನಾ ಸಣ್ಣವ್ವ?"

"ನೀ ಬಿಯೇ ಓದಾಕ ಹೋದಾಗ ನಾ ಕೇಳಿದ್ನೇನು, ಖರೇನಾ ಅಂತ?"

ಸಣ್ಣವ್ವ ತಣ್ಣಗೆ ಎಲ್ಲ ಹೇಳಿದಳು. ರಂಗದ ಮೇಲೆ ಕಾಲಿಟ್ಟರೆ ನಮ್ಮ ಹೊಸಲು ತುಳಿಯಬೇಡ ಅಂತ ಅತ್ತಿಗೆ ಆಗಲೇ ಹೇಳಿ ಕಳಿಸಿದ್ದಳು. ಜಿನ್ನಿನ ಕೆಲಸ ಹತ್ತಿ ಇರುವ ತನಕ. ಮ್ಯಾನೇಜರು ಅಂದದ್ದು ಇಷ್ಟು: ಒಂದು ಸಣ್ಣ ಪಾರ್ಟು ಕೊಡುತ್ತೇನೆ, ಜನ ಕೂತು ನೋಡಿದರೆ ಕಂಪನಿಯಲ್ಲಿ ಇರು, ಎದ್ದು ಹೋದರೆ ನಿನ್ನ ದಾರಿ ನಿನಗೆ. ಹಾಗಾದರೆ ಊರಿಗೂ ಇಲ್ಲ, ಕಂಪನಿಗೂ ಇಲ್ಲ ಆದೀತಲ್ಲ ಅಂದೆ. "ಆಗೋದಿದ್ದರ ಆಗಲಿ. ಊರಾಗ ನಾನು ಯಾರರ ಸತ್ತಾಗ ಅಷ್ಟೇ ಬೇಕಾಗಾಕಿ," ಅಂದಳು.

ಮಾತು ಹೇಳಿಕೊಡಲು ಒಪ್ಪಿದೆ. ಶಾಲೆ ಬಿಟ್ಟ ಮೇಲೆ ತಗಡಿನ ಥಿಯೇಟರಿಗೆ ಹೋಗುತ್ತಿದ್ದೆ, ಸಂಜೆಯ ಬಿಸಿಲಿಗೆ ಒಳಗೆ ಒಲೆಯ ಹಾಗೆ ಕುದಿಯುತ್ತಿತ್ತು. ನಾಟಕ ಮ್ಯಾನೇಜರನೇ ಹೆಣೆದದ್ದು. ರಾಜ ಕಾಡಿಗೆ ಬೇಟೆಗೆ ಹೋಗಿರುತ್ತಾನೆ, ಇತ್ತ ರಾಣಿ ಸಾಯುತ್ತಾಳೆ, ದಾಸಿ ಅಳುತ್ತಾಳೆ, ರಾಜ ಬಂದು ದೊಡ್ಡ ಪದ್ಯ ಹೇಳುತ್ತಾನೆ. ಸಣ್ಣವ್ವನದು ದಾಸಿಯ ಪಾರ್ಟು. 'ಹಾ ದೇವೀ, ನಮ್ಮನ್ನಗಲಿ ಹೋದೆಯಾ' ಅಂತ ಸುರುವಾಗುವ ಇಷ್ಟೇ ಇಷ್ಟು ಮಾತು. ಆ ಮಾತನ್ನು ಬಹಳ ಬೇಗ ಕಲಿತಳು. ಆದರೆ ಅಳು ಬರಲಿಲ್ಲ. ದಿನಾ ನಿಂತು, ಕಿರಾಣಿ ಅಂಗಡಿಯಲ್ಲಿ ಸಾಮಾನು ಹೇಳಿದ ಹಾಗೆ ಒಪ್ಪಿಸುವಳು. ಹಾರ್ಮೋನಿಯಂ ಮಾಸ್ತರು ತಲೆ ತಲೆ ಚಚ್ಚಿಕೊಂಡ.

ಕೊನೆಗೆ ಆಕೆಯೇ ಮ್ಯಾನೇಜರನ ಮುಂದೆ ಹೋಗಿ ನಿಂತಳು.

"ಯಜಮಾನ್ರ, ಈ ರಾಣಿ ಏನು ಉಣ್ಣತಿದ್ಲು?"

ಮ್ಯಾನೇಜರು ತಿರುಗಿ ನೋಡಿದ. "ರಾಣಿ ಊಟ ತಗೊಂಡು ನೀ ಏನು ಮಾಡ್ತಿ?"

"ಯಾರ ಮ್ಯಾಲ ಸಿಟ್ಟಿತ್ತು ಆಕಿಗೆ? ರಾಜ ಬೇಟೆಗೆ ಹೋಗಾಗ ಏನಂದ್ಲು?"

ಕಂಪನಿಯ ಹುಡುಗರೆಲ್ಲ ನಕ್ಕರು. ರಾಣಿಯ ಪಾರ್ಟು ಮಾಡುವ ಗಂಡಸು, ಹುಬ್ಬು ತಿದ್ದಿಕೊಳ್ಳುತ್ತಿದ್ದವನು, ನಾನು ಮಂಡಕ್ಕಿ ಮಿರ್ಚಿ ಉಣ್ಣತೀನಿ ನೋಡವ್ವ, ಅಂದ. ಸಣ್ಣವ್ವ ನಗಲಿಲ್ಲ. ನನ್ನ ಕಡೆ ಬಂದು, ಇವರು ಗೊತ್ತಿಲ್ಲದಾಕಿನ್ನ ಸಾಯಿಸ್ಯಾರ ತಮ್ಮಾ, ಅಂದಳು. ನನಗೂ ನಗು ಬಂತು. ಅದು ನಗುವ ಮಾತಲ್ಲ ಅಂತ ತಿಳಿದದ್ದು ಆಟದ ದಿನವೇ.

ಅವತ್ತು ಜಿನ್ನಿನ ಹೆಂಗಸರೆಲ್ಲ ತಮ್ಮಾಕಿಯನ್ನು ನೋಡಲು ಬಂದು ಮುಂದೆ ಚಾಪೆಯ ಮೇಲೆ ತುಂಬಿದ್ದರು. ತೆಲುಗು ಮಾತಾಡುವ ಪೇಟೆಯವರು ಹಿಂದೆ ಬೆಂಚಿನ ಮೇಲೆ. ನಾನು ಪಕ್ಕದ ತಗಡಿಗೆ ಆನಿಕೊಂಡು ನಿಂತಿದ್ದೆ. ರಾಣಿ ಸತ್ತಳು. ಸಣ್ಣವ್ವ ಬಂದಳು. ಅಂಗಳಕ್ಕೆ ಬಂದಷ್ಟೇ ಸಲೀಸಾಗಿ ಬಂದು ಹೆಣದ ತಲೆಯ ಹತ್ತಿರ ಕೂತಳು. ಕೈ ಹಿಡಿದಳು. 'ಹಾ ದೇವೀ' ಅನ್ನಲಿಲ್ಲ.

ತಬ್ಬಲಿ ಮರಿಗೆ ಬೆರಳು ಚೀಪಿಸಿದಾಕಿ, ಅಕ್ಕಾ,
ತನ್ನ ತಲಿ ಎಣ್ಣಿ ಮಗನ ದೀಪಕ್ಕ ಹೊಯ್ದಾಕಿ,
ನೀ ಕಟ್ಟಿದ ಬುತ್ತಿ ಇನ್ನೂ ಬಿಸಿ ಐತಿ, ಅಕ್ಕಾ,
ನಿನ್ನ ಕೈಯಷ್ಟ ಯಾಕ ತಣ್ಣಗಾತು?
ಉಣ್ಣಾಂವ ಹೊಳಿದಂಡ್ಯಾಗ ಅದಾನ, ಅಕ್ಕಾ,
ಯಾರ ಕೈಲಿ ಕಳಸಲೇ ನಿನ್ನ ಬುತ್ತಿ?

ಅದು ನಮ್ಮವ್ವನಿಗೆ ಅತ್ತ ಅಳು. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಆ ಬೆಳಿಗ್ಗೆ ಅವ್ವ ಅಪ್ಪನಿಗೆಂದು ರೊಟ್ಟಿ ಬುತ್ತಿ ಕಟ್ಟಿ, ಹೊಳೆಯ ಕಡೆ ಹೋಗುವವರ ಕೈಯಲ್ಲಿ ಕಳಿಸಬೇಕು ಅಂತ ಹೊರಟವಳೇ ಕುಸಿದದ್ದು. ಓದುವಾಗ ನನ್ನ ದೀಪಕ್ಕೆ ಎಣ್ಣೆ ಎಲ್ಲಿಂದ ಬರುತ್ತಿತ್ತು ಅನ್ನುವುದು ನನಗೆ ತಿಳಿದದ್ದೂ ಆಕೆಯ ಅಳುವಿನಿಂದಲೇ. ಈಗ ಅದೆಲ್ಲ ಟಿಕೆಟ್ ಕೊಟ್ಟು ಕೂತವರ ಮುಂದೆ, ಸೀರೆಯುಟ್ಟು ಮಲಗಿದ ಗಂಡಸಿನ ತಲೆ ನೇವರಿಸುತ್ತಾ!

ರಾಜ ಬಂದು ನಿಂತ. ಸಣ್ಣವ್ವ ನಿಲ್ಲಿಸಲಿಲ್ಲ. ರಾಜ ಕೆಮ್ಮಿದ, ಹಾರ್ಮೋನಿಯಂ ಮಾಸ್ತರು ಶ್ರುತಿ ಕೊಟ್ಟ, ಒಳಗಿನಿಂದ ಮ್ಯಾನೇಜರು ಸನ್ನೆ ಮಾಡಿದ. ನಮ್ಮಲ್ಲಿ ಹಾಡ್ಯಾಡಿ ಅಳುವಾಕೆ ತಾನಾಗಿ ನಿಲ್ಲಿಸುವ ಹಾಗಿಲ್ಲ; ಹಿರಿಯಳೊಬ್ಬಳು ಬಂದು ಮುಖ ಒರೆಸಿ, ಸಾಕವ್ವ ಅಂತ ನಿಲ್ಲಿಸಬೇಕು. ನಾಟಕ ಬರೆದವನಿಗೆ ಅದು ಗೊತ್ತಿಲ್ಲ. ಸಣ್ಣವ್ವನಿಗೆ ಬೇರೆ ರೀತಿ ಗೊತ್ತಿಲ್ಲ. ಅಷ್ಟರಲ್ಲಿ ಚಾಪೆಯ ಮೇಲಿನ ಹೆಂಗಸರೂ ದನಿ ಕೂಡಿಸಿದ್ದರು. ಇಡೀ ಥಿಯೇಟರು ಸಾವಿನ ಮನೆಯಾಯಿತು. ಕೊನೆಗೆ ಜಿನ್ನಿನ ಒಬ್ಬ ಮುದುಕಿ ಎದ್ದು, ಯಾರನ್ನೂ ಕೇಳದೆ, ಕೈಯೂರಿ ರಂಗ ಹತ್ತಿದಳು. ಸೆರಗಿನಿಂದ ಸಣ್ಣವ್ವನ ಮುಖ ಒರೆಸಿ, ಸಾಕು ಬಿಡವ್ವ, ಹೋದಾಕಿ ಹೋದ್ಲು, ಅಂದಳು. ಅಳು ನಿಂತಿತು. ಮುದುಕಿ ಇಳಿಯಲಿಲ್ಲ. ಹೆಣದ ಹತ್ರ ಯಾರರ ಇರಬೇಕಲ್ಲ ಅಂತ ಅಲ್ಲೇ ಕೂತಳು. ರಾಜ ಆಕೆಯನ್ನು ದಾಟಿ ಬಂದು ಪದ್ಯ ಹೇಳಬೇಕಾಯಿತು. ಸತ್ತ ರಾಣಿ ಮುಚ್ಚಿದ ಕಣ್ಣಲ್ಲೇ ಅಳುತ್ತಿದ್ದ, ಬಣ್ಣ ಕಿವಿಗೆ ಇಳಿದಿತ್ತು.

ಒಬ್ಬನೂ ಎದ್ದು ಹೋಗಲಿಲ್ಲ.

ಬೆಳಗಾದ ಕೂಡಲೇ ಹೋದೆ. ಸಣ್ಣವ್ವ ಥಿಯೇಟರಿನ ಹಿಂದೆ ಕೂತು ಕೊಬ್ಬರಿ ಎಣ್ಣೆ ಹಚ್ಚಿ ಕುತ್ತಿಗೆಯ ಬಣ್ಣ ತೆಗೆಯುತ್ತಿದ್ದಳು.

"ಅದು ನಮ್ಮವ್ವನ ಅಳು, ಸಣ್ಣವ್ವ."

"ಅತ್ತಾಕಿ ನಾನು."

"ಒಮ್ಮೆ ಅತ್ತದ್ದು ಮಣ್ಣಿನ ಜೋಡಿ ಹೋಗಬೇಕು ಅಂತ ನೀನ ಹೇಳತಿದ್ದಿ."

ಹಾಗೆ ನಮ್ಮಲ್ಲಿ ನಂಬಿಕೆ. ಒಬ್ಬರಿಗೆ ಅತ್ತ ಮಾತನ್ನು ಮತ್ತೆ ಎತ್ತಿದರೆ ಅದೇ ಮನೆಯಲ್ಲಿ ಇನ್ನೊಂದು ಹೆಣ ಬೀಳುತ್ತದೆ. ನಾನು ಬಿ.ಎ. ಓದಿದವನು, ನಂಬುವುದಿಲ್ಲ; ಆದರೂ ಬೆಳಗಾದ ಕೂಡಲೇ ಬಂದಿದ್ದೆ.

"ಹೌದು, ಹೇಳತಿದ್ದೆ," ಅಂದಳು. "ಆ ರಾಣಿಗೆ ಅನ್ನ ಇಲ್ಲ, ನೀರಿಲ್ಲ, ಒಬ್ಬರ ಮ್ಯಾಲ ಸಿಟ್ಟಿಲ್ಲ. ಸತ್ತಾಳ ಅಂತ ಹ್ಯಾಂಗ ನಂಬಲಿ? ನಿಮ್ಮವ್ವನ್ನ ಅಲ್ಲಿ ಮಲಗಿಸಿದೆ. ಬ್ಯಾರೆ ಯಾರನ್ನ ಮಲಗಿಸಿದರೂ ಇಷ್ಟು ಬರತಿದ್ದಿಲ್ಲ." ಎಣ್ಣೆಯ ಕೈಯನ್ನು ಒರೆಸಿಕೊಂಡು ನನ್ನನ್ನು ನೋಡಿದಳು. "ಅವತ್ತು ನೀ ಅಳಲಿಲ್ಲ. ನಿನ್ನೆ ಅತ್ತಿ. ತಗಡಿಗೆ ಮಾರಿ ಹಚ್ಚಿ ಅಳಾಕ ಹತ್ತಿದ್ದಿ, ನಾ ನೋಡಿದೆ."

ನನಗೆ ಗಾಬರಿಯಾಯಿತು. ಅತ್ತದ್ದು ನಿಜ. ಗಾಬರಿ ಅದಕ್ಕಲ್ಲ. ಅಷ್ಟು ಅಳುತ್ತಿರುವಾಗಲೂ ಆಕೆಯ ಕಣ್ಣು ಯಾರು ಅಳುತ್ತಾರೆ, ಯಾರು ಇಲ್ಲ ಅಂತ ನೋಡುತ್ತಿತ್ತು. ನಮ್ಮ ಮನೆಯಲ್ಲೂ ಹಾಗೇ ನೋಡಿದ್ದಳು ಅಂತಾಯಿತಲ್ಲ.

ಜಿನ್ನಿನ ಹೆಂಗಸರ ಬಾಯಿಂದ ಸುದ್ದಿ ಊರು ಮುಟ್ಟಲು ತಡವಾಗಲಿಲ್ಲ. ಊರ ಹಿರಿಯನೊಬ್ಬ ನಮ್ಮಪ್ಪನನ್ನು ಕರೆದುಕೊಂಡು ಆದವಾನಿಗೆ ಬಂದ. ಅಪ್ಪ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಕುರಿಯ ಹಿಂದಿನಿಂದ ಎದ್ದು ಬಂದ ಹಾಗೇ ಬಂದಿದ್ದ. ಹಿರಿಯ ಥಿಯೇಟರಿನ ಮುಂದೆ ನಿಂತು ಮ್ಯಾನೇಜರನಿಗೆ, ಸತ್ತೋರ ಅಳು ಮಾರಾಕತ್ತೀರೇನ್ರಿ, ಇದು ಒಂದು ಮನೆ ಮುಳುಗಿಸೋ ಕೆಲಸ, ಆಕಿನ್ನ ಈಗಿಂದೀಗ ಕಳಸ್ರಿ, ಅಂದ. ಮ್ಯಾನೇಜರು ಊರೂರು ತಿರುಗುವವನು, ಊರವರ ಸಿಟ್ಟು ಯಾವ ಕಡೆ ಹೊರಳುತ್ತದೆ ಅಂತ ಬಲ್ಲವನು. ಆಟಕ್ಕೆ ಜನ ನೂಕಾಡಿಕೊಂಡು ಬರುತ್ತಿದ್ದರು, ಆಕೆಯನ್ನು ಕಳಿಸಲು ಮನಸ್ಸಿಲ್ಲ, ಜಗಳವೂ ಬೇಡ. ಸತ್ತಾಕಿ ಯಜಮಾನ ಇಲ್ಲೇ ಅದಾನ, ಅವ ಹೂಂ ಅಂದರ ಇರಲಿ, ಊಹೂಂ ಅಂದರ ಇವತ್ತೇ ಕಳಸತೀನಿ, ಅಂದುಬಿಟ್ಟ.

ಎಲ್ಲರೂ ಅಪ್ಪನ ಕಡೆ ನೋಡಿದರು. ಸಣ್ಣವ್ವ ಪರದೆಯ ಹಗ್ಗ ಹಿಡಿದು ನಿಂತಿದ್ದಳು. ಊರು ಆಕೆಗೆ ಆಗಲೇ ಮುಚ್ಚಿತ್ತು. ಇದೂ ಮುಚ್ಚಿದರೆ ಹೋಗಲು ಜಾಗವಿರಲಿಲ್ಲ. ಅಪ್ಪ ಕೋಲಿನ ತುದಿಯಿಂದ ನೆಲ ಕೆದರಿದ.

"ನಾ ಅವತ್ತು ಇದ್ದಿಲ್ಲ," ಅಂದ. "ಏನಂತ ಅತ್ತಿ, ಹೇಳು."

ಎಂಥವರೂ ಕರಗುವ ಮಾತು. ಇಷ್ಟು ದಿನದಲ್ಲಿ ಅಪ್ಪ ಅವ್ವನ ಸಾವಿನ ಬಗ್ಗೆ ಕೇಳಿದ ಎರಡನೆಯ ಮಾತು ಅದು. ಸಣ್ಣವ್ವ ಅಲ್ಲೇ ಕೂತು ಎತ್ತುತ್ತಾಳೆ, ಅಪ್ಪ ಸಮಾಧಾನವಾಗುತ್ತಾನೆ, ಎಲ್ಲ ಮುಗಿಯುತ್ತದೆ ಅಂದುಕೊಂಡೆ.

"ಇಲ್ಲ ಮಾವ," ಅಂದಳು. "ಇಲ್ಲಿ ನಿಂತು ಅತ್ತರ ಅದು ಸಾವಾಗತೈತಿ, ಆ ಮ್ಯಾಲ ನಿಂತು ಅತ್ತರ ಆಟ ಆಗತೈತಿ. ಎರಡೂ ಕಡೆ ಅಳಬಾರದು. ಇನ್ನ ಮ್ಯಾಲ ನಾ ಆಟದಾಗ ಅಷ್ಟೇ ಅಳಾಕಿ. ನೀ ಟಿಕೀಟ ತಗೊಂಡು ಕೂಡು, ಕೇಳು."

ಹಿರಿಯ ಕೈಯೆತ್ತಿಕೊಂಡು ಮುಂದೆ ಬಂದ, ಮ್ಯಾನೇಜರು ಅಡ್ಡ ನಿಂತ. ನಿಮ್ಮಣ್ಣ ಸತ್ತರೂ ಅಳಂಗಿಲ್ಲೇನು ಅಂತ ಹಿರಿಯ ಕೂಗಿದ. ಅಣ್ಣ ಸತ್ತರೂ, ಅಂದಳು. ಆ ಮಾತನ್ನು ಆಕೆ ಉಳಿಸಿಕೊಂಡಳು. ಮುಂದೆ ಅಣ್ಣ ಸತ್ತಾಗ ಸೊಂಡೂರಿನಲ್ಲಿದ್ದ ಕಂಪನಿಯ ಕ್ಯಾಂಪಿನಿಂದ ಬಂದು, ಹೊಲದ ಬದುವಿನ ಮೇಲೆ ನಿಂತು, ಮಣ್ಣು ಹಾಕುವುದನ್ನು ನೋಡಿ, ಬಾಯಿ ತೆರೆಯದೆ ಹೋದಳು. ಹೆಂಗಸರು ಆಕೆಯ ಬಾಯಿಯನ್ನೇ ನೋಡುತ್ತಿದ್ದರಂತೆ.

ಅವತ್ತು ಮ್ಯಾನೇಜರು ಅಪ್ಪನನ್ನು ನೋಡಿ, ಇವರಿಗೆ ಟಿಕೆಟ್ ಯಾಕೆ, ಹಾಗೇ ಕೂರಲಿ ಅಂದ. ಸಣ್ಣವ್ವ ಒಪ್ಪಲಿಲ್ಲ. ನಮ್ಮಪ್ಪ ಧೋತರದ ಗಂಟು ಬಿಚ್ಚಿ, ತನ್ನ ಜೀವನದ ಮೊದಲ ನಾಟಕದ ಟಿಕೆಟ್ ಕೊಂಡ.

ನೆಲದ ಮೇಲೆ ಕಂಬಳಿ ಹಾಸಿ ಕೂತ. ನಾನು ಪ್ಯಾಂಟು ಮಡಚಿ ಪಕ್ಕದಲ್ಲಿ ಕೂತೆ. ನನ್ನ ಶಾಲೆಯ ಹುಡುಗರು ಬೆಂಚಿನಿಂದ ನೋಡುತ್ತಿದ್ದರು, ನೋಡಲಿ ಅಂದುಕೊಂಡೆ. ರಾಜ, ರಾಣಿ, ಹಾಸ್ಯಗಾರ ಯಾರನ್ನೂ ಅಪ್ಪ ನೋಡಿದ ಹಾಗೆ ಕಾಣಲಿಲ್ಲ. ಸಣ್ಣವ್ವ ಬಂದು ಎತ್ತಿದಾಗ ಕತ್ತು ಮುಂದೆ ಚಾಚಿದ. ಮರಿಯ ಮಾತಿಗೆ ತಲೆಯಾಡಿಸಿದ, ಹೌದು ಹೌದು ಅನ್ನುವ ಹಾಗೆ. ದೀಪದ ಮಾತಿಗೆ ನನ್ನ ಕಡೆ ಒಮ್ಮೆ ನೋಡಿದ. ಬುತ್ತಿಯ ಮಾತು ಬಂತು. ಅಪ್ಪ ತಲೆ ತಗ್ಗಿಸಿ, ಕೆಳಗೆ ಹಾಸಿದ್ದ ಕಂಬಳಿಯ ಇನ್ನೊಂದು ಮಗ್ಗುಲನ್ನು ಎಳೆದು ತಲೆಯ ಮೇಲೆ ಹೊದ್ದುಕೊಂಡ. ಆಟ ಮುಗಿದು ಜನ ಎದ್ದು ಹೋದರೂ ತೆಗೆಯಲಿಲ್ಲ.

ಬೆಳಿಗ್ಗೆ ಹಿರಿಯ, ಏನಂತಿ ಹೇಳಪ್ಪ, ಅಂದ. ಅಪ್ಪ ನನ್ನ ಕಡೆ ತಿರುಗಿ ಕೇಳಿದ.

"ಬುತ್ತಿ ಕಟ್ಟಿದ್ಲೇನು? ಖರೇನಾ?"

ಖರೇ ಅಂದೆ. ಆಮೇಲೆ ಆ ಬುತ್ತಿ ಏನಾಯಿತು ಅಂತ ಕೇಳಿದ. ನನಗೆ ಗೊತ್ತಿರಲಿಲ್ಲ. ಆ ಗದ್ದಲದಲ್ಲಿ ಯಾರು ತಿಂದರೋ, ನಾಯಿಗೆ ಹಾಕಿದರೋ. ಬಿ.ಎ. ಓದಿದ ಮಗ, ಅದೊಂದನ್ನು ವಿಚಾರಿಸಿಕೊಂಡಿರಲಿಲ್ಲ.

ಅಪ್ಪ ಕೋಲು ಎತ್ತಿಕೊಂಡ. "ಆಕಿ ಊರಿಗೆ ಬರಬಾರದು. ಬಂದರ ಆಕಿ ಮಾರಿ ನನಗ ನೋಡಾಕಾಗಂಗಿಲ್ಲ," ಅಂದ. ಹಿರಿಯ ಸಮಾಧಾನದಿಂದ ತಲೆಯಾಡಿಸುತ್ತಿದ್ದ, ಅಪ್ಪ ಇನ್ನೂ ಮುಗಿಸಿರಲಿಲ್ಲ. "ಆದರ ಆಕಿನ್ನ ಇಲ್ಲಿಂದ ಯಾರೂ ಕಳಸಬಾರದು."

ಇನ್ನೊಂದು ಹೆಣ ಬಿದ್ದರೆ, ಅಂತ ಹಿರಿಯ ಅಂದ.

"ಬಿದ್ದರ ನಂದು ಬೀಳಲಿ. ನಾ ಕೇಳೀನಿ," ಅಂದು ಸ್ಟೇಷನ್ನಿನ ದಾರಿ ಹಿಡಿದ. ಬೀಳಲಿಲ್ಲ. ಅಪ್ಪ ಬಹಳ ವರ್ಷ ಬದುಕಿದ. ಸಣ್ಣವ್ವನ ಹೆಸರನ್ನು ಮತ್ತೆ ಎತ್ತಲಿಲ್ಲ.

ಆ ಮಾತನ್ನು ಸಣ್ಣವ್ವನಿಗೆ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ಥಿಯೇಟರಿನ ಹಿಂದೆ ಆಕೆ ತನ್ನ ಎರಡು ಸೀರೆಗಳ ಗಂಟು ಕಟ್ಟಿಟ್ಟುಕೊಂಡು, ಕಳಿಸಿದರೆ ಹೊರಡಲು ತಯಾರಾಗಿ ಕೂತಿದ್ದಳು. ಅಪ್ಪ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ. ಊರಿಗೆ ಬರಬಾರದು ಅನ್ನುವಾಗ ಆಕೆಯ ಕೈ ಗಂಟಿನ ಮೇಲೆ ಹಾಗೇ ನಿಂತಿತು. ಸಣ್ಣವ್ವ ಮೂಗು ಸೇದಿದ ಸದ್ದು ಕೇಳಿಸಿತು. ಮುಖ ಆ ಕಡೆ ಇತ್ತು, ನನಗೆ ಕಾಣಲಿಲ್ಲ. ಎಷ್ಟೋ ಮನೆಗಳಲ್ಲಿ ಎಲ್ಲರನ್ನೂ ಅಳಿಸಿದ ಹೆಣ್ಣುಮಗಳು ತನಗಾಗಿ ಅಳುವುದನ್ನು ಮೊದಲ ಸಲ ನೋಡುತ್ತಿದ್ದೇನೆ ಅನ್ನಿಸಿತು. ಏನಾದರೂ ಹೇಳಬೇಕು ಅಂತ ಓದಿದವನ ಮಾತು ಹುಡುಕುತ್ತಿದ್ದೆ.

ಆಕೆ ಈ ಕಡೆ ತಿರುಗಿದಳು. ಕಣ್ಣು ಒಣಗಿದ್ದವು.

"ನಿಮ್ಮಪ್ಪ ಯಾವ ಮಾತಿಗೆ ತಲಿ ತಗ್ಗಿಸಿದ? ಮುಂದಿನಾಕಿ ಅಡ್ಡ ಬಂದ್ಲು, ನನಗ ಸರಿಯಾಗಿ ಕಾಣಲಿಲ್ಲ."

ಬುತ್ತಿ ಇನ್ನೂ ಬಿಸಿ ಐತಿ ಅಂದಾಗ, ಅಂದೆ. ಹೇಳಬಾರದಿತ್ತು ಅಂತ ಹೇಳುವಾಗಲೇ ಅನ್ನಿಸಿತು.

ಸಣ್ಣವ್ವ ಗಂಟು ಬಿಚ್ಚಿ, ಸೀರೆಗಳನ್ನು ಕೊಡವಿ ಹಗ್ಗದ ಮೇಲೆ ಹಾಕಿದಳು.

"ಹಂಗಾರ ಇವತ್ತು ಅದನ್ನ ಎರಡು ಸಲ ಅಂತೀನಿ," ಅಂದಳು.